ಅಸಲು ಮತ್ತು ಬಡ್ಡಿ

ಮೋಡ ಕವಿದ ಹಗಲಿನಲ್ಲಿ ಸವೆದ ಶಿಲಾಶಾಸನದ ಚಿತ್ರ ತೆಗೆಯ ಹೊರಟವನಿಗೆ ಅಕ್ಷರವೂ ಕಲ್ಲೂ ಒಂದೇ ಬೂದುಬಣ್ಣವಾಗಿ ಕಾಣುತ್ತವೆ. ಅವೆರಡನ್ನು ಬೇರ್ಪಡಿಸಿ ತೋರಿಸುವ ಉಪಾಯವೊಂದು ಕಪ್ಪು-ಬಿಳುಪು ಫಿಲ್ಮಿನಲ್ಲಿದೆ. ಎಕ್ಸ್‌ಪೋಷರನ್ನು ತುಸು ತಗ್ಗಿಸಿ, ಡೆವಲಪರಿನಲ್ಲಿ ಇಡುವ ಕಾಲವನ್ನು ಹೆಚ್ಚಿಸಿದರೆ ಕಾಂಟ್ರಾಸ್ಟ್, ಎಂದರೆ ನೆರಳು ಬೆಳಕುಗಳ ಅಂತರ, ಹಿಗ್ಗುತ್ತದೆ. 8 ನಿಮಿಷ ಸಾಕಾಗುವ ಫಿಲ್ಮನ್ನು ಅದೇ ಉಷ್ಣತೆಯಲ್ಲಿ 10 ನಿಮಿಷ ಇಡುವುದು ಇದರ ಒಂದು ಕ್ರಮ.

ಬೆಳಕು ಹೆಚ್ಚು ಬಿದ್ದೆಡೆ ಡೆವಲಪರ್ ಕೆಲಸ ಮಾಡಿದಷ್ಟೂ ಬೆಳ್ಳಿ ದಟ್ಟವಾಗುತ್ತದೆ. ನೆರಳಿನ ಭಾಗವಾದರೋ ಬಹಳವಾಗಿ ಬೆಳೆಯದು. ಈ ಸಂಬಂಧವನ್ನು ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು 1890ರಲ್ಲಿ ಇಂಗ್ಲೆಂಡಿನಲ್ಲಿ ಅಳೆದು ರೇಖೆಯಾಗಿ ತೋರಿಸಿದರು. ವರ್ತಕರ ಮಾತಿನಲ್ಲಿ ಹೇಳುವುದಾದರೆ, ಎಕ್ಸ್‌ಪೋಷರ್ ಅಸಲು, ಡೆವಲಪ್ ಮಾಡುವುದು ಬಡ್ಡಿ. ಅಸಲೇ ಇಲ್ಲದೆಡೆ ಬಡ್ಡಿ ಹುಟ್ಟದು.

ಅಮೆರಿಕದ ಆನ್ಸೆಲ್ ಆಡಮ್ಸ್ 1941ರ ಒಂದು ಸಂಜೆ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಗ್ರಾಮದ ಮೇಲೆ ಚಂದ್ರೋದಯವನ್ನು ಕಂಡರು. ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಜಾರುತ್ತಿತ್ತು. ಬೆಳಕಿನ ಮಾಪಕ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶದ ಪ್ರಮಾಣವನ್ನು ನೆನಪಿನಿಂದಲೇ ತೆಗೆದು ಲೆಕ್ಕ ಹಾಕಿ ಒಂದು ನೆಗೆಟಿವ್ ತೆಗೆದರು. ಎರಡನೆಯದಕ್ಕೆ ಬಿಸಿಲು ಉಳಿಯಲಿಲ್ಲ. ಮುನ್ನೆಲೆ ತೆಳುವಾಗಿಯೇ ಬಂದಿತ್ತು. 1948ರಲ್ಲಿ ನೆಗೆಟಿವ್‌ನ ಕೆಳಭಾಗವನ್ನು ಮಾತ್ರ ರಾಸಾಯನಿಕದಿಂದ ದಟ್ಟಗೊಳಿಸಿ ಅಲ್ಲಿಯ ಕಾಂಟ್ರಾಸ್ಟನ್ನು ಹೆಚ್ಚಿಸಿದರು. ಅಲ್ಪವಾಗಿಯಾದರೂ ಅಲ್ಲಿ ಅಸಲಿದ್ದುದರಿಂದ ಅದು ಸಾಧ್ಯವಾಯಿತು.

ಹಾಗಾದರೆ ಕಾಂಟ್ರಾಸ್ಟ್ ಹೆಚ್ಚಿಸುವುದು ಸತ್ಯಕ್ಕೆ ಲೋಪವೇ? ಇದ್ದುದನ್ನು ಸ್ಪಷ್ಟಗೊಳಿಸುವುದು ಲೋಪವಲ್ಲ. ಆದರೆ ಶಾಸನದ ಚಿತ್ರದಲ್ಲಿ ಎಚ್ಚರ ಅಗತ್ಯ. ಅಂತರ ಹಿಗ್ಗಿದಾಗ ಕಲ್ಲಿನ ಗೀರು ಅಕ್ಷರದಂತೆ ತೋರಬಹುದು. ನೆರಳಿನಲ್ಲಿದ್ದ ಅರೆಸವೆದ ಅಕ್ಷರ ಮಾಯವಾಗಬಹುದು. ದಾನವಾದ ಭೂಮಿಯ ಎಲ್ಲೆಯೇ ಆ ಒಂದು ಅಕ್ಷರದಲ್ಲಿರಬಹುದು. ಆದುದರಿಂದ ಬಸದಿಯ ದಾಖಲೆಗಾಗಿ ಚಿತ್ರ ತೆಗೆಸುವ ಟ್ರಸ್ಟಿನವರು ಸಹಜ ಕ್ರಮದ ಪ್ರತಿಯೊಂದನ್ನೂ ಹೆಚ್ಚಿನ ಕಾಂಟ್ರಾಸ್ಟಿನ ಪ್ರತಿಯೊಂದನ್ನೂ ಜೊತೆಯಾಗಿಡಿಸಿ, ಯಾವುದಕ್ಕೆ ಏನು ಮಾಡಲಾಗಿದೆ ಎಂಬುದನ್ನು ಬರೆಯಿಸಬೇಕು. ವಸ್ತುವನ್ನು ಒಂದೇ ನೋಟದಿಂದ ನಿರ್ಣಯಿಸಬಾರದೆಂಬ ಅನೇಕಾಂತದ ವಿವೇಕ ಇಲ್ಲಿಯೂ ಸಲ್ಲುತ್ತದೆ.

ಇನ್ನೊಂದು ಸಂಗತಿಯನ್ನು ಮರೆಮಾಚಲಾಗದು. ಬೆಳ್ಳಿಯ ಲವಣವನ್ನು ಫಿಲ್ಮಿನ ಮೇಲೆ ಹಿಡಿದಿಡುವ ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮಗಳಿಂದ ಆದದ್ದು. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಚರಂಡಿಗೆ ಸುರಿದರೆ ಜಲಚರಗಳಿಗೆ ಹಾನಿ. ಡಿಜಿಟಲ್ ಕ್ಯಾಮೆರಾ ಇರುವ ಈ ಕಾಲದಲ್ಲಿ ಫಿಲ್ಮ್ ಬೇಡವೆನ್ನುವ ಶ್ರಾವಕನ ಮಾತಿಗೆ ಬೆಲೆಯಿದೆ. ಬಳಸಲೇಬೇಕಾದವನು ಹತ್ತು ಬಾರಿ ತೆಗೆದು ನೋಡುವ ಬದಲು, ಮೊದಲು ಅಳೆದು, ಯೋಚಿಸಿ, ಒಮ್ಮೆ ತೆಗೆಯಲಿ. ಉಳಿದ ದ್ರಾವಣವನ್ನು ಬೆಳ್ಳಿ ತೆಗೆಯುವವರಿಗೆ ಒಪ್ಪಿಸಲಿ.

ಕತ್ತಲಕೋಣೆಯಲ್ಲಿ ಸರಿಪಡಿಸಿಕೊಳ್ಳೋಣವೆಂಬ ಧೈರ್ಯದಿಂದ ಮೊದಲ ಕ್ಷಣದಲ್ಲಿ ಅಜಾಗರೂಕನಾದವನಿಗೆ ಯಾವ ಡೆವಲಪರೂ ನೆರವಾಗದು. ಬಾಳಿನ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ.