ಕತ್ತರಿಸಿದ ಕಡ್ಡಿ

ಚನ್ನಗಿರಿಗೆ ಸೂಳೆಕೆರೆಯುಂಟು, ಹೊನ್ನಾಳಿಗೆ ತುಂಗಭದ್ರೆಯುಂಟು. ಜಗಳೂರಿಗೆ ಆಗ ಮುಗಿಲೇ ಗತಿಯಾಗಿತ್ತು. ಆ ಜಗಳೂರು ಸೀಮೆಯ ವೃದ್ಧ ಭಕ್ತರೊಬ್ಬರು ೨೦೧೧ರಲ್ಲಿ ಮೂರು ದ್ರಾಕ್ಷಿಯ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು, "ಬುದ್ಧಿ, ಇದು ಬೀಜವಿಲ್ಲದ ತಳಿ. ಮಠದ ಹಿತ್ತಿಲಲ್ಲಿ ನೆಡಿಸಿರಿ" ಎಂದು ಒಪ್ಪಿಸಿದರು. ಅದು ಥಾಮ್ಸನ್ ಸೀಡ್‌ಲೆಸ್. ವಿಜಯಪುರದವರು ಒಣದ್ರಾಕ್ಷಿ ಮಾಡುವ ತಳಿ. ಪಶ್ಚಿಮ ಏಷ್ಯದ ಈ ಹಳೆಯ ಬಳ್ಳಿ, ೧೮೭೦ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ಬೆಳೆದವನ ಹೆಸರನ್ನು ಅಲ್ಲಿ ಪಡೆಯಿತು.

ಮೂರರಲ್ಲಿ ಒಂದು ಚಿಗುರಿತು. ನಾಲ್ಕು ವರ್ಷ ಚಪ್ಪರವೆಲ್ಲ ಹಸುರಾಯಿತೇ ಹೊರತು ಒಂದು ಗೊಂಚಲೂ ಇಳಿಯಲಿಲ್ಲ. ಹಿರಿಯರು ಬಂದು ನೋಡಿ, "ಕಡ್ಡಿ ಸವರಿಸಲಿಲ್ಲವೇ, ಬುದ್ಧಿ?" ಎಂದರು. ಬೆಳೆಯುವುದನ್ನು ಕಡಿಯಲು ನಮಗೆ ಮನಸ್ಸು ಬಂದಿರಲಿಲ್ಲ. ಅದನ್ನು ದಯೆಯೆಂದೇ ತಿಳಿದಿದ್ದೆವು.

ಶೀತದೇಶಗಳಲ್ಲಿ ಚಳಿಗಾಲವೇ ಬಳ್ಳಿಯನ್ನು ಮಲಗಿಸಿ ಎಬ್ಬಿಸುತ್ತದೆ. ನಮ್ಮ ಬಯಲುಸೀಮೆಯಲ್ಲಿ ಆ ಕಾರ್ಯ ಕತ್ತರಿಯದು. ವಿಜಯಪುರದ ಬೆಳೆಗಾರರು ಇದನ್ನು ಚಾಟ್ನಿ ಎನ್ನುವರು. ಏಪ್ರಿಲ್ಲಿನಲ್ಲಿ ಒಂದೆರಡು ಕಣ್ಣು ಉಳಿಸಿ ಕತ್ತರಿಸಿದರೆ ಹೊಸ ಕಡ್ಡಿ ಹುಟ್ಟಿ, ಅದರ ಕಣ್ಣುಗಳಲ್ಲಿ ಫಲದ ಅಂಕುರ ಮೂಡುತ್ತದೆ. ಅಕ್ಟೋಬರಿನಲ್ಲಿ ಬಲಿತ ಕಡ್ಡಿಯ ತುದಿಯನ್ನು ಸವರಿದರೆ ಹೂವಾಗಿ, ಫೆಬ್ರವರಿ-ಮಾರ್ಚಿಗೆ ಹಣ್ಣಾಗುತ್ತದೆ. ಹಿರಿಯರೇ ಎದುರು ನಿಂತು ೨೦೧೫ರಲ್ಲಿ ಎರಡು ಸಲವೂ ಸವರಿಸಿದರು. ಮರುವರ್ಷ ಮಾರ್ಚಿಯಲ್ಲಿ ಏಳು ಗೊಂಚಲು ಇಳಿದವು. ಕಾಳು ಚಿಕ್ಕವು, ತುಸು ಹುಳಿ. ಆದರೂ ವಿದ್ಯಾರ್ಥಿನಿಲಯದ ಮಕ್ಕಳೆಲ್ಲರ ಕೈಗೂ ನಾಲ್ಕು ನಾಲ್ಕು ಬಂದವು.

ಅದೇ ೨೦೧೬ರ ಬರದಲ್ಲಿ ಹಿರಿಯರ ಕೊಳವೆಬಾವಿ ಬತ್ತಿತು; ತಾಯಿಬಳ್ಳಿ ಒಣಗಿಹೋಯಿತು. ಮರುವರ್ಷ ಮಳೆಯಾದ ಮೇಲೆ, ಅಕ್ಟೋಬರಿನಲ್ಲಿ ಬಂದು ಸಂಕೋಚದಿಂದ ನಿಂತರು. ಅಂದು ನಾವು ಸವರಿಸಿದ ಕಡ್ಡಿಗಳು ಚಪ್ಪರದ ಕೆಳಗೇ ಬಿದ್ದಿದ್ದವು. ಅವುಗಳಲ್ಲಿ ಬಲಿತವನ್ನು ಆರಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟೆವು. ಹಿರಿಯರು ಮಾತಾಡಲಿಲ್ಲ, ಗೋಣಿಯನ್ನು ಎದೆಗವಚಿಕೊಂಡು ಹೋದರು.

ಈ ಹಣ್ಣಿನಲ್ಲಿ ಬೀಜವು ಕಟ್ಟಲಾರಂಭಿಸಿ ನಡುವೆಯೇ ನಿಂತುಹೋಗುತ್ತದೆ. ಆದುದರಿಂದ ಬೀಜದಿಂದ ಇದಕ್ಕೆ ಸಂತತಿಯಿಲ್ಲ. ಕತ್ತರಿಸಿ ಬೇರೊಬ್ಬರ ಕೈಗಿತ್ತ ಕಡ್ಡಿಯಿಂದಲೇ ಅದರ ಬಾಳು ಮುಂದುವರಿಯುತ್ತದೆ. ಮನೆಮಕ್ಕಳಿಲ್ಲದ ನಮ್ಮಂಥವರ ಪರಂಪರೆಯೂ ಹಾಗೆಯೇ ಅಲ್ಲವೇ? ನಮ್ಮ ಗುರುಗಳು ನಮ್ಮನ್ನು ಹೆತ್ತವರ ಮಡಿಲಿನಿಂದ ಬೇರ್ಪಡಿಸಿದ ದಿನ ನಾವು ಅತ್ತುದು ಇಂದಿಗೂ ನೆನಪಿದೆ. ಅಂದಿನ ಕತ್ತರಿಯನ್ನು ಬಳ್ಳಿಯ ಮುಂದೆ ನಿಂತಾಗಲೇ ನಾವು ಪೂರ್ಣವಾಗಿ ಕ್ಷಮಿಸಿದೆವು.

ಹಿರಿಯರು ಈಗಿಲ್ಲ. ನ್ಯಾಮತಿಯಲ್ಲಿ ಅಧ್ಯಾಪಕರಾಗಿರುವ ಅವರ ಮೊಮ್ಮಗನ ಹಿತ್ತಿಲಲ್ಲಿ ಆ ಬಳ್ಳಿಯಿದೆ. "ಕಡಿಯಲು ಕೈ ಬಾರದು, ಬುದ್ಧಿ" ಎಂದು ಈಚೆಗೆ ಆತ ಹೇಳಿದಾಗ, ಬರುವ ಏಪ್ರಿಲ್ಲಿನಲ್ಲಿ ನಾವೇ ಬರುವೆವೆಂದು ಮಾತು ಕೊಟ್ಟಿದ್ದೇವೆ.