ಕಾಗುಣಿತ ಬಾಯಲ್ಲಿತ್ತು, ಕಣ್ಣಲ್ಲಿರಲಿಲ್ಲ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕದ್ದು ನವಲಗುಂದ ತಾಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯ ನಲಿಕಲಿ ತರಗತಿ. ಒಂದರಿಂದ ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಐದು ತಟ್ಟೆಗಳ ಸುತ್ತ ಕೂಡುತ್ತಿದ್ದರು.

1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತದೆ. ಐದು ಅಕ್ಷರ ಬಂದರೆ ಸರ, ಅರಸ, ಗರಗಸ ಓದಬಹುದು. ಊರವರಿಗೆ ಇದು ಒಪ್ಪಿಗೆಯಿಲ್ಲ. "ಅಕ್ಕೋರ, ಮೊಮ್ಮಗಗ ಅ ಆ ಇ ಈ ಸಾಲಾಗಿ ಹೇಳಾಕ ಬರೂದಿಲ್ರಿ, ಸಾಲ್ಯಾಗ ಏನ್ ಕಲಸ್ತೀರಿ?" ಎಂದು ಒಬ್ಬ ಅಜ್ಜ ಕೇಳಿದರು.

ಸಾಲಾಗಿ ಹೇಳಬಲ್ಲವಳೊಬ್ಬಳು ಅದೇ ಕೋಣೆಯಲ್ಲಿದ್ದಳು. ಮೂರನೆಯ ತರಗತಿಯ ಹುಡುಗಿ. ಹತ್ತಿ ಬಿಡಿಸುವ ದಿನಗಳಲ್ಲಿ ತಾಯಿಯ ಜೊತೆ ಹೊಲಕ್ಕೆ ಹೋಗುವವಳು. ಮನೆಯಲ್ಲಿ ಕಲಿಸಿದ ಕಾಗುಣಿತ ರಾಗವಾಗಿ ಬರುತ್ತಿತ್ತು. ಆದರೆ 'ಗ' ತೋರಿಸಿದರೆ ಬೆರಳು ಮಡಿಸಿ "ಕ, ಖ, ಗ" ಎಂದು ಎಣಿಸಿಯೇ ಹೇಳುತ್ತಿದ್ದಳು. ಜೂನ್‌ನಲ್ಲಿ ನಾಲ್ಕನೆಯ ತರಗತಿ. ಅಲ್ಲಿ ತಟ್ಟೆಯಿಲ್ಲ, ಏಣಿಯಿಲ್ಲ, ಪಠ್ಯಪುಸ್ತಕ ಮಾತ್ರ.

ಮಿಂಚುಪಟ್ಟಿಯಿಂದ ಕಲಿತ ಎರಡನೆಯ ತರಗತಿಯ ಹುಡುಗನದು ಬೇರೆ ತೊಡಕು. 'ಅಗಸ' ಎಂಬುದನ್ನು ಥಟ್ಟನೆ 'ಅಗಸಿ' ಎಂದು ಓದಿದ. ನಮ್ಮ ಕಡೆ ಊರಬಾಗಿಲಿಗೆ ಅಗಸಿ ಎನ್ನುತ್ತೇವಲ್ಲ! ಪದ ಅವನಿಗೆ ಗೊತ್ತು, ಗುಡಿಸು ಇಲ್ಲದ್ದು ಕಣ್ಣಿಗೆ ಬಿದ್ದಿಲ್ಲ.

ಆದ್ದರಿಂದ ಕಾಗುಣಿತ ಹಳೆಯದೆಂದು ತೆಗೆದುಹಾಕುವ ವಾದ ನನಗೆ ಒಪ್ಪಿತವಲ್ಲ. 34 ವ್ಯಂಜನಗಳಿಗೆ ಸ್ವರಚಿಹ್ನೆ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಸೋನಾಲಿ ನಾಗ್ ಅವರು ಕನ್ನಡ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಕ್ಷರಗಳ ಮೇಲಿನ ಹಿಡಿತಕ್ಕೆ ಹಲವು ವರ್ಷ ಬೇಕೆಂದೇ ಹೇಳುತ್ತದೆ. ಇಷ್ಟನ್ನು ಬರೀ ಊಹೆಯಿಂದ ದಾಟಲಾಗದು. ಆದರೆ ಕಾಗುಣಿತ ಪದದೊಳಗೇ ಬರಬೇಕು, ಅದೂ ಜೋಡಿಯಾಗಿ: ಸರ–ಸರಿ, ಮರ–ಮರಿ, ಅಗಸ–ಅಗಸಿ.

ಹುಡುಗಿಯ ತಾಯಿಯ ತವರು ಧಾರವಾಡದ ಹತ್ತಿರದ ಗರಗ. ಎರಡೇ ಅಕ್ಷರ ಬಲ್ಲವರೂ ಓದಬಹುದಾದ ಊರು. ಹಲಗೆಯ ಮೇಲೆ ಬರೆದೆ. ಬೆರಳು ಮಡಿಸಲಿಲ್ಲ, "ನಮ್ಮ ಆಯಿ ಊರ್ರಿ" ಎಂದಳು. ಅಲ್ಲಿಂದ ಜೋಡಿಪದಗಳಿಗೆ ಹೋದೆವು.

ನನ್ನ ಅವಧಿ ಮುಗಿಯುವ ಹೊತ್ತಿಗೆ ಗುಣಿತಾಕ್ಷರಗಳ ಸಣ್ಣ ವಾಕ್ಯಗಳನ್ನು ತಡೆತಡೆದು ಓದುತ್ತಿದ್ದಳು. ಒತ್ತಕ್ಷರ ಬಾಕಿ. ಅವಳಿಗೆ ಬರುವ, ಬಾರದ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಬರೆದು ನಾಲ್ಕನೆಯ ತರಗತಿಯ ಗುರುಗಳ ಕೈಗೆ ಕೊಟ್ಟು ಬಂದೆ.