ದೇವರಮಾರು ಗದ್ದೆಯ ಓಟ

ಪುತ್ತೂರು ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ ನಡೆಯುವುದು ಕೋಟಿ-ಚೆನ್ನಯ ಜೋಡುಕರೆ ಕಂಬಳ. ಆ ಅವಳಿ ವೀರರ ಪಡುಮಲೆಯೂ ಇದೇ ತಾಲ್ಲೂಕಿನದು. ಹಗ್ಗ, ನೇಗಿಲು ವಿಭಾಗಗಳಲ್ಲಿ ವೇಗಕ್ಕೇ ಗೆಲುವು. ಕನೆಹಲಗೆಯಲ್ಲಿ ಮಾತ್ರ ನೀರು ಚಿಮ್ಮಿ ನಿಶಾನೆ ಮುಟ್ಟಬೇಕು. ಹಲಗೆಯ ಮೇಲೆ ನಿಂತವನ ಕಾಲು ಕೊಂಚ ಅಲುಗಿದರೂ ಕೋಣಗಳ ಶ್ರಮವೆಲ್ಲ ವ್ಯರ್ಥ.

2014ರಲ್ಲಿ ಸುಪ್ರೀಂ ಕೋರ್ಟಿನ ಜಲ್ಲಿಕಟ್ಟು ತೀರ್ಪು ಕಂಬಳಕ್ಕೂ ಕುತ್ತು ತಂದಿತು. 2016ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆ ನೀಡಿತು. ಓಟ ನಿಂತರೂ ಕೋಣಗಳ ಹುರುಳಿಯ ಖರ್ಚು ನಿಲ್ಲುವುದುಂಟೆ? ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ಕರೆಗಳಿಗೆ ಮತ್ತೆ ಜೀವ ಬಂತು.

2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ ಜಗತ್ತು ಉಸೇನ್ ಬೋಲ್ಟ್ ಹೆಸರೆತ್ತಿತು; ಗೌಡರು ಹೊಗಳಿದ್ದು ಕೋಣಗಳನ್ನು. 2023ರ ಮೇ 18ರಂದು ಸಂವಿಧಾನ ಪೀಠವೂ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಣಗಳಿಗೆ ಅನಗತ್ಯ ನೋವಾಗಬಾರದೆಂಬ ಷರತ್ತು ಮಾತ್ರ ಉಳಿದಿದೆ. ಬೆತ್ತ ಹಿಡಿದ ಕೈ ಹದದಲ್ಲಿದ್ದರೆ ಕರೆಗೆ ಮತ್ತೆ ಕುತ್ತು ಬಾರದು.